ಗಾಡಿಗೆ ಇವತ್ತು ಊದುಬತ್ತಿ ಬೇಡ

ಗಂಗಾ,

ಸ್ನಾನ ಮುಗಿಸಿ ಬಂದವಳೇ ಇದನ್ನು ಓದು, ತಲೆ ಆಮೇಲೆ ಒರೆಸಿಕೊ.

ಅಪ್ಪನ ಬೈಕಿಗೆ ಉಪಗ್ರಹ ರೇಡಿಯೋ ಕೂರಿಸಿದೆನಲ್ಲ, ಈಗ ಗ್ರಹಚಾರ ಸುತ್ತಿಕೊಂಡಿದೆ. ವೈರ್ ಎಳೆಯಲು ನಿನ್ನೆ ಟ್ಯಾಂಕ್ ಎತ್ತಿದಾಗ ಪೆಟ್ರೋಲ್ ಪೈಪ್ ಬಿರಿಯಿತು. ರೇಡಿಯೋ ಹಾಡುತ್ತಿಲ್ಲ, ಪೆಟ್ರೋಲ್ ಮಾತ್ರ ತೊಟ್ಟಿಕ್ಕುತ್ತಿದೆ. ಟ್ಯಾಂಕಿನ ಕಾಕ್ ತಿರುಗಿಸಿ ಬಂದ್ ಮಾಡಿದರೂ ನಿಲ್ಲಲಿಲ್ಲ.

ಅಪ್ಪ ಗದ್ದೆಯಿಂದ ಬಂದು ಮೈ ತೊಳೆದವರೇ ದಿನದಂತೆ ಗಾಡಿಗೆ ಊದುಬತ್ತಿ ಬೆಳಗಿ, ಟ್ಯಾಂಕಿನ ಸಂದಿಗೆ ಸಿಕ್ಕಿಸಲು ಹೋಗುತ್ತಾರೆ. ಬಿಡಬೇಡ. ಈಗ ಗದ್ದೆಗೆ ಹೊರಟಾಗ ನಾನು ಹೇಳಿದ್ದಕ್ಕೆ, "ಇದು ಯಾರ ದನಿ ಲೇ?" ಅಂತ ನಕ್ಕು ಹೋದರು. ಹೋದ ವಾರ ನಾನು ಸುಬ್ಬಪ್ಪಜ್ಜನ ದನಿ ಅಣಕಿಸಿ "ಬೆಂಕಿ ಬಿತ್ರೋ!" ಎಂದು ಕೂಗಿ ಕೇರಿಯನ್ನೆಲ್ಲ ಓಡಿಸಿದ ತಪ್ಪಿಗೆ ಇದು. ನೀನು ಹೇಳಿದರೆ ನಂಬುತ್ತಾರೆ. ನಂಬದಿದ್ದರೆ ಅಡ್ಡ ನಿಲ್ಲು, ಬೈಸಿಕೊ.

ಹೊಸ ಪೈಪ್ ತರಲು ಮೊದಲ ಬಸ್ಸಿಗೆ ಆನವಟ್ಟಿಗೆ ಹೊರಟೆ. ಇದು ನನ್ನದೇ ದನಿ ಗಂಗಾ, ಆಣೆ.

ಬೆಂಕಿಪೊಟ್ಟಣ ನನ್ನ ಜೇಬಿನಲ್ಲಿದೆ. ಆದರೆ ಅವ್ವ ದೇವರ ಮನೆಯಲ್ಲಿ ದೀಪ ಹಚ್ಚಿಟ್ಟೇ ಡೈರಿಗೆ ಹೋಗಿದ್ದಾಳೆ. ಅದನ್ನು ಆರಿಸಲು ನನಗೆ ಕೈ ಬರಲಿಲ್ಲ.

ನಿನ್ನಣ್ಣ