ಐದನೇ ನಂಬರಿನ ಜೆರ್ಸಿ ನಿನಗೆ ಕೊಡದ ದಿನ

ರಾಜಾಜಿನಗರ
ನವೆಂಬರ್ ೧೯೭೪

ಪ್ರಿಯ ಗೆಳೆಯ ಉಗ್ರಪ್ಪನಿಗೆ ಏಕಾಂತಯ್ಯನ ಶರಣು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಬೇಕು. ಎಲ್ಲರೂ ಎಂದರೆ ಈಗ ನಾನೊಬ್ಬನೇ, ಆದ್ದರಿಂದ ಆ ಸಾಲು ಬಿಟ್ಟಿದ್ದೇನೆ. ಲಗ್ಗೆರೆ ಏನು ಮಹಾ ದೂರ, ಸೈಕಲ್ ತುಳಿದರೆ ಬಂದೇಬಿಡಬಹುದು. ಹೊರಟೂ ಇದ್ದೆ. ನಿಮ್ಮೂರ ಬಾಗಿಲವರೆಗೆ ಬಂದು, ಚೈನ್ ಕಳಚಿದವನ ಹಾಗೆ ಬಗ್ಗಿ ನಿಂತು, ಸೈಕಲ್ ಹಿಂದಕ್ಕೆ ತಿರುಗಿಸಿದೆ. ಅದಕ್ಕೇ ಈ ಕಾಗದ.

ನನ್ನನ್ನು ಕಾರ್ಖಾನೆಯ ಟೀಮಿಗೆ ಮ್ಯಾನೇಜರ್ ಮಾಡಿದ್ದು ನನಗೆ ಫುಟ್‌ಬಾಲ್ ಬಹಳ ಗೊತ್ತು ಎಂದಲ್ಲ. ಗೋಲ್ ಕಾಯುತ್ತಿದ್ದ ನನ್ನ ಮೊಣಕಾಲು ಹೋಗಿತ್ತು, ಸಾಹೇಬರಿಗೆ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯುವವನು ಬೇಕಿತ್ತು. ನಾನೋ ಇಂಟರ್‌ಮೀಡಿಯೆಟ್ ಅರ್ಧಕ್ಕೆ ಬಿಟ್ಟವನು. ‘ಐ ಬೆಗ್ ಟು ಸ್ಟೇಟ್’ ಎಂದು ಜೋರಾಗಿಯೇ ಶುರು ಮಾಡುತ್ತೇನೆ, ಆಮೇಲೆ ಹೇಳಬೇಕಾದ ಮಾತಿಗೆ ಇಂಗ್ಲಿಷೇ ಸಿಗುವುದಿಲ್ಲ. ಆವತ್ತು ನೀನು ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಕ್ಯಾಂಟೀನ್ ಸುತ್ತ ಓಡಿದೆ. “ಇನ್ಮೇಲೆ ಇವನ್ನ ಸಾರ್ ಅನ್ಬೇಕಂತೆ ಕಣ್ರೋ! ಗೋಲ್ ಬಿಟ್ಟೂ ಬಿಟ್ಟೂ ಸಾರ್ ಆಗ್ಬಿಟ್ಟ!” ಎಂದು ಕೂಗಿದೆ. ನಗುತ್ತಾ ನಗುತ್ತಾ ನಿನಗೆ ಉಬ್ಬಸ ಬಂದದ್ದನ್ನು ಮೊದಲು ನೋಡಿದ್ದು ಅಲ್ಲೇ.

ಎಲ್ಲಿಂದ ಎಲ್ಲಿಗೋ ಹೋಗುತ್ತಿದ್ದೇನೆ. ನನ್ನ ಮನೆಯಾಕೆ ಕಮಲಾಕ್ಷಿ ಇದ್ದಿದ್ದರೆ “ವಿಷಯಕ್ಕೆ ಬರ್ರಿ” ಅನ್ನುತ್ತಿದ್ದಳು. ದಾವಣಗೆರೆ ಕಡೆಯವಳಿಗೆ ರಾಗಿಮುದ್ದೆ ತೊಳಸಲು ಬರುತ್ತಿರಲಿಲ್ಲ. ಮ್ಯಾಚ್ ಮುಗಿಸಿ ಬಂದ ನೀನೇ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು, “ಅತ್ತಿಗೆ, ಗಂಟು ಬಿದ್ರೆ ಚೆಂಡು ಮಾಡ್ಕೊಂಡು ಆಡ್ತೀವಿ” ಎಂದು ಕಲಿಸಿದೆ. ಅವಳು ಲಿಂಗೈಕ್ಯಳಾದ ದಿನ ಒಂದು ಹಿಡಿ ಮಣ್ಣು ಹಾಕಲು ನನ್ನ ಕೈ ಮೇಲೇಳಲಿಲ್ಲ. ನನ್ನ ಮುಂಗೈ ಹಿಡಿದು ಹಾಕಿಸಿದವನು ನೀನು. ಅಂಥ ನಿನಗೆ ನಾನು ಏನು ಮಾಡಿದೆ ಎಂದು ಊರೆಲ್ಲ ಮಾತಾಡುತ್ತಿದೆ. ಯಾಕೆ ಮಾಡಿದೆ ಎಂದು ಯಾರಿಗೂ ಗೊತ್ತಿಲ್ಲ. ನಿನಗಾದರೂ ಗೊತ್ತಿರಬೇಕು.

ಬಿನ್ನಿಪೇಟೆಯವರ ಮೇಲೆ ನಾವು ಸೋತ ಆಟ ನೆನಪಿದೆಯಲ್ಲ. ಲೆಫ್ಟ್ ಹಾಫ್ ಆಡುವ ಚನ್ನಕೇಶವ ತನ್ನ ಜಾಗ ಬಿಟ್ಟು ನೀನು ಆಡುವ ಸೆಂಟರಿಗೆ ಬಂದು ನಿಂತಿದ್ದ, ಬಿಟ್ಟ ಜಾಗದಿಂದಲೇ ಅವರು ನುಗ್ಗಿ ಗೋಲ್ ಹೊಡೆದರು. ನೀನು ಎಲ್ಲರ ಮುಂದೆ ಅವನ ಕಾಲರ್ ಹಿಡಿದೆ. “ನಿನ್ನ ಜಾಗ ಎಲ್ಲೋ, ನೀನ್ ನಿಂತಿದ್ದು ಎಲ್ಲೋ? ಜಾತ್ರೆ ನೋಡೋಕ್ ಬಂದಿದ್ಯಾ?” ಎಂದೆ. ಅವನು ತಲೆ ತಗ್ಗಿಸಿ, “ತಪ್ಪಾಯ್ತು ಅಣ್ಣ” ಅಂದ.

ಅವನು ತಪ್ಪು ಮಾಡಿರಲಿಲ್ಲ, ಉಗ್ರಪ್ಪ. ಅವನು ನಿನ್ನ ಹಿಂದೆ ಬಂದು ನಿಂತಿದ್ದ. ಈ ಸೀಸನ್ ಪೂರ್ತಿ ಯಾರಾದರೊಬ್ಬರು ನಿನ್ನ ಹಿಂದೆ ನಿಲ್ಲುತ್ತಿದ್ದರು. ನಿನ್ನನ್ನು ದಾಟಿಕೊಂಡು ಬಂದ ಚೆಂಡನ್ನು ಅವರು ಒದ್ದು ಕಳಿಸುತ್ತಿದ್ದರು. ನೀನೇ ತಡೆದೆ ಎಂದುಕೊಂಡು ನೀನು ಕೈ ಎತ್ತುತ್ತಿದ್ದೆ, ಅವರು “ಸೂಪರ್ ಅಣ್ಣ” ಅನ್ನುತ್ತಿದ್ದರು. ಹೀಗೆ ಆಡಿ ಎಂದು ನಾನು ಹೇಳಿಕೊಟ್ಟಿರಲಿಲ್ಲ, ಅವರೂ ತಮ್ಮೊಳಗೆ ಮಾತಾಡಿಕೊಂಡಿರಲಿಲ್ಲ. ಮನೆಯ ಹಿರಿಯರಿಗೆ ಕಿವಿ ಮಂದವಾದಾಗ ಎಲ್ಲರೂ ತಾವಾಗಿ ಜೋರಾಗಿ ಮಾತಾಡಲು ಶುರು ಮಾಡುವುದಿಲ್ಲವೆ, ಹಾಗೆ.

ನಮ್ಮ ಜೊತೆಗೇ ಆಡುತ್ತಿದ್ದ ನಾಣಿಗೆ ತನ್ನ ಕಾಲು ಸೋತದ್ದು ತನಗೇ ತಿಳಿಯಿತು. “ಸಾಕು ಗುರು, ಇನ್ನು ಬೆಂಚ್ ಮೇಲೆ ಕೂತ್ಕೊಂಡು ಬೈತೀನಿ, ಅದೇ ಸುಖ” ಎಂದು ಬೂಟು ಬಿಚ್ಚಿಟ್ಟ. ನೀನೂ ಹಾಗೇ ಅನ್ನುತ್ತೀಯ ಎಂದು ಕಾದೆ. ನೀನು ಹೊಸ ಬೂಟು ಹೊಲಿಯಲು ಕೊಟ್ಟೆ.

ಅಷ್ಟರಲ್ಲಿ ಸಾಹೇಬರು ಕರೆದು, ಸೋತದ್ದು ಆ ಚನ್ನಕೇಶವನಿಂದ, ಅವನನ್ನು ಟೀಮಿನಿಂದ ತೆಗೆದುಬಿಡಿ ಎಂದರು. ಅವನದು ಇನ್ನೂ ಟೆಂಪರರಿ ಕೆಲಸ. ಟೀಮಿನಿಂದ ಹೋದರೆ ಕಾರ್ಖಾನೆಯಿಂದಲೂ ಹೋದಂತೆ. ಅವನು ಬಾಯಿ ಬಿಡುತ್ತಿರಲಿಲ್ಲ, ನಾನು ಬಿಟ್ಟರೆ ನಿನ್ನ ಮಾನ ಸಾಹೇಬರ ಮೇಜಿನ ಮೇಲೆ ಹೋಗುತ್ತಿತ್ತು. “ದಟ್ ಈಸ್ ಮೈ ಮಿಸ್ಟೇಕ್ ಸಾರ್, ಐ ವಿಲ್ ಚೇಂಜ್ ದಿ ಸೆಂಟರ್” ಎಂದೆ. ವ್ಯಾಕರಣ ಸರಿಯಿತ್ತೋ ಇಲ್ಲವೋ. ಒಪ್ಪಿದರು.

ನಮ್ಮಲ್ಲಿ ಮ್ಯಾಚಿಗೆ ಮೊದಲು ಆಡುವವರ ಹೆಸರು ಓದುವ ಪದ್ಧತಿ ಇಲ್ಲವಲ್ಲ. ಮ್ಯಾನೇಜರ್ ಕೈಯಾರೆ ಜೆರ್ಸಿ ಕೊಡಬೇಕು, ಆಟಗಾರ ಕಣ್ಣಿಗೊತ್ತಿಕೊಂಡು ಹಾಕಿಕೊಳ್ಳಬೇಕು. ಜೆರ್ಸಿ ಸಿಗದ ಹಿರಿಯನ ಕೈಗೆ ಹಾಫ್‌ಟೈಮಿನ ನಿಂಬೆಹಣ್ಣಿನ ತಟ್ಟೆ. ಸೈಕಲ್ ಸ್ಟ್ಯಾಂಡಿನ ಹಿಂದಿನ ಕೋಣೆಯಲ್ಲಿ ನೀನು ಆಗಲೇ ಬನಿಯನ್ನಿನಲ್ಲಿ ಕೈ ಚಾಚಿ ನಿಂತಿದ್ದೆ. ನಿನ್ನ ಐದನೇ ನಂಬರನ್ನು ನಾನು ನಿನ್ನ ಪಕ್ಕದವನಿಗೆ ಕೊಟ್ಟೆ.

“ಯಾಕೋ ಏಕಾಂತ, ನನ್ ಹೊಟ್ಟೆ ಸೈಜಿಗೆ ಬೇರೆ ಹೊಲಿಸಿದ್ಯಾ?” ಅಂದೆ. ಹುಡುಗರು ನಕ್ಕರು. ನಾನು ತಟ್ಟೆ ಮುಂದೆ ಹಿಡಿದಾಗ ಎಲ್ಲರೂ ನಗು ನಿಲ್ಲಿಸಿದರು, ನೀನು ಮಾತ್ರ ಇನ್ನೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದೆ.

ಬಯ್ಯುತ್ತೀಯ, ತಟ್ಟೆ ಎಸೆಯುತ್ತೀಯ ಎಂದುಕೊಂಡಿದ್ದೆ. ನೀನು ಹಾಫ್‌ಟೈಮಿನಲ್ಲಿ ಒಬ್ಬೊಬ್ಬರ ಹತ್ತಿರವೂ ಹೋಗಿ, ನಿಂಬೆಹೋಳಿಗೆ ಉಪ್ಪು ಸವರಿ ಕೊಟ್ಟೆ. ಚನ್ನಕೇಶವನಿಗೂ ಕೊಟ್ಟೆ. ನನಗೂ ಒಂದು ಕೊಟ್ಟೆ, ಮುಖ ನೋಡದೆ. ಸೆಕೆಂಡ್ ಹಾಫ್ ಮುಗಿಯುವಷ್ಟರಲ್ಲಿ ಸ್ಟ್ಯಾಂಡಿನಲ್ಲಿ ನಿನ್ನ ಸೈಕಲ್ ಇರಲಿಲ್ಲ. ಆಟಗಾರರಿಗೆ ಮಧ್ಯಾಹ್ನವೇ ಸಿಗುವ ಬಿಡುವು ಈಗ ನಿನಗಿಲ್ಲ, ಶೆಡ್ಡಿನಲ್ಲಿ ಪೂರಾ ಶಿಫ್ಟ್ ನಿಲ್ಲುತ್ತೀಯ ಎಂದು ಕೇಳಿದೆ. ಅದೂ ಗೊತ್ತಿದ್ದೇ ನಾನು ಹೀಗೆ ಮಾಡಿದೆ. ಮತ್ತೊಮ್ಮೆ ಮಾಡಬೇಕಾಗಿ ಬಂದರೂ ಮಾಡುತ್ತೇನೆ. ಸಿಟ್ಟೆಲ್ಲ ನನ್ನ ಮೇಲಿರಲಿ. ಆ ಚನ್ನಕೇಶವನನ್ನು ಮಾತ್ರ ಒಮ್ಮೆ ಕರೆದು ಮಾತಾಡಿಸು. ದಿನಾ “ಅಣ್ಣ ಬರಲ್ವಾ ಸಾರ್?” ಎಂದು ಕೇಳುತ್ತಾನೆ, ನಾನು ಬೂಟಿನ ಲೇಸ್ ನೋಡುತ್ತೇನೆ.

ಆ ಆಟ ಗೆದ್ದೆವು. ಆಮೇಲಿನ ಆಟಗಳನ್ನೂ ಗೆದ್ದೆವು. ಹುಡುಗರು ಅವರವರ ಜಾಗದಲ್ಲಿ ನಿಂತು ಆಡುತ್ತಿದ್ದಾರೆ. ಒಂದು, ಒಂದಾದರೂ ಸೋತಿದ್ದರೆ ನಿನ್ನ ಮನೆಗೆ ಬಂದು, “ಬಾರೋ ಮಾರಾಯ, ನೀನಿಲ್ದೆ ಆಗಲ್ಲ” ಅನ್ನಬಹುದಿತ್ತು. ಮೈದಾನದ ಗೆರೆಯ ಆಚೆ ನಿಂತು ನಾನು ಒಳಗೊಳಗೇ ಆ ಸೋಲನ್ನೇ ಕಾಯುತ್ತೇನೆ, ಮ್ಯಾನೇಜರ್ ಆದವನು ಇಂಥದ್ದು ಬರೆಯಬಾರದು. ನಿನ್ನೆಯೂ ಗೆದ್ದೆವು, ಉಗ್ರಪ್ಪ. ನಿನ್ನನ್ನು ಕರೆಯಲು ನನಗೆ ಒಂದು ನೆಪವೂ ಉಳಿದಿಲ್ಲ.

ಶೆಡ್ಡಿನ ನೆಲದ ಮೇಲೆ ನಿನ್ನ ಕಾಲು ನೋಯದಿರಲಿ, ಮನೆಯಲ್ಲಿ ಎಲ್ಲರೂ ತಣ್ಣಗಿರಲಿ ಎಂದು ಬಸವಣ್ಣನಲ್ಲಿ ಬೇಡಿಕೊಳ್ಳುವ,

ನಿನ್ನ ಬೆನ್ನು ನೋಡಿಕೊಂಡೇ ಇಷ್ಟು ವರ್ಷ ಗೋಲ್ ಕಾದ
ಏಕಾಂತಯ್ಯ