ಎರಡು ಬೆರಳು

ಪ್ರೀತಿಯ ಎಮೆಟ್,

ಇವತ್ತು ನಮ್ಮ ಹಳೇ ಶಾಲೆಯ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ನನ್ನ ಮೊಮ್ಮಗ ಕ್ಲೇಟನ್ ತಲೆಗೆ ಪೆಟ್ಟು ತಿಂದು ಬಿದ್ದ. ಡಾಕ್ಟರಮ್ಮ ಓಡಿಬಂದರು. ಅವರು ಬಾಯಿ ತೆರೆಯುವ ಮೊದಲೇ ಅವನು "ಎರಡು" ಎಂದ.

"ನಾನಿನ್ನೂ ಬೆರಳೇ ತೋರ್ಸಿಲ್ವಲ್ಲೋ ಮಾರಾಯ."

ಯಾರು ಬಿದ್ದರೂ ನಮ್ಮ ಕಾಲದ ಕೋಚ್ ಯಾವಾಗಲೂ ಎರಡೇ ಬೆರಳು ತೋರಿಸಿ "ಎಷ್ಟು?" ಎನ್ನುತ್ತಿದ್ದ ಕಥೆ ಹೇಳಿ ನಾನೇ ಅವನನ್ನು ನಗಿಸಿದ್ದೆ.

ಡಾಕ್ಟರಮ್ಮ ಹೆಲ್ಮೆಟ್ ತೆಗೆದು ನನ್ನ ಕೈಗಿತ್ತರು. "ತಲೆಗೆ ಪೆಟ್ಟು ಬಿದ್ರೆ ಇವತ್ತಿನ ಆಟ ಮುಗೀತು ತಾತ. ಈಗ ರೂಲೇ ಹಾಗೆ."

"ಕೊಡು ತಾತ, ನಂಗೇನೂ ಆಗಿಲ್ಲ," ಎಂದು ಕ್ಲೇಟನ್ ಗೋಗರೆದ.

ತಲೆಗೆ ಪೆಟ್ಟು ತಿಂದು ಬಿದ್ದ ಅವತ್ತು ನೀನೂ ಹಾಗೇ ಅಂದಿದ್ದೆ. ಕೋಚ್ ಬರುವ ಮೊದಲು ನಿನ್ನ ಕಿವಿಯಲ್ಲಿ "ಎರಡು ಅನ್ನೋ" ಎಂದವನು ನಾನು. ನೀನು ಹಾಗೇ ಹೇಳಿ ಮತ್ತೆ ಆಟಕ್ಕಿಳಿದೆ. ಆಟ ಗೆಲ್ಲಿಸಿದ್ದು ನೀನೇ ಎಂದು ನಿನ್ನ ಕೊನೆಗಾಲದವರೆಗೂ ನಾನು ಹೇಳುತ್ತಲೇ ಇದ್ದೆ. ನಿನಗೆ ಆ ಆಟ ನೆನಪಾಗಲೇ ಇಲ್ಲ.

ಕೊನೆಯ ಸೀಟಿ ಊದುವವರೆಗೂ ಹೆಲ್ಮೆಟ್ಟನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ.

ನಿನ್ನ ರೊಸ್ಕೊ