ಅಪ್ಪನ ಹುಳುವಿನ ತೊಟ್ಟಿ

ಹಳೇಬೀಡು
೧೨-೭-೧೯೯೮, ಭಾನುವಾರ

ಪ್ರೀತಿಯ ಉಮಾಶಂಕರ,

ನಿನ್ನ ಸೊಂಟನೋವು ಹೇಗಿದೆ? ನಮ್ಮ ಇಂದು ಕಷಾಯ ಮಾಡಿಕೊಟ್ಟರೆ ಮುಖ ಸಿಂಡರಿಸದೆ ಕುಡಿ, ಹೆಂಡತಿ ಹೇಳಿದ್ದನ್ನು ಅಷ್ಟಾದರೂ ಕೇಳು. ನನಗೆ ಕಾಯಿಲೆಯೇನಿಲ್ಲ, ಬರೀ ಸುಸ್ತು. ಕಾಲೇಜಿನಿಂದ ಬಂದು ಪದ್ಯದ ಪುಸ್ತಕ ಬಿಚ್ಚಿದರೆ ಎರಡನೇ ಸಾಲಿಗೇ ಕಣ್ಣು ಎಳೆಯುತ್ತದೆ.

ಅಪ್ಪ ಈಗಲೂ ಕೆರೆಗೆ ಹೋಗುತ್ತಾರೆ. ಗಾಳ ಹಾಕಿ ಕೂತರೆ ಊಟದ ನೆನಪಿರುವುದಿಲ್ಲ. ಬಗ್ಗಿ ದಂಡೆ ಅಗೆಯಲು ಆಗುವುದಿಲ್ಲವೆಂದೇ ಹಿತ್ತಿಲ ಸೀಬೆಮರದ ಕೆಳಗಿನ ತೊಟ್ಟಿಯಲ್ಲಿ ಎರೆಹುಳು ಸಾಕಿದ್ದರಲ್ಲ. ಹಳೇ ಸಗಣಿ, ಕೊಳೆತ ಎಲೆ, ಸೋಸಿದ ಟೀ ಪುಡಿ, ಮೇಲೆ ಒದ್ದೆ ಗೋಣಿ. ದಪ್ಪ ಹುಳು ಗಾಳಕ್ಕೆ, ಕರಿಮಣ್ಣು ನನ್ನ ಕನಕಾಂಬರಕ್ಕೆ. ಎರಡು ವರ್ಷದ ಹಿಂದೆ ನೀನು ನೆಂಟರೆದುರು "ಓದಿದವರ ಮನೇಲಿ ಹುಳ ಸಾಕ್ತಾರೇನಪ್ಪಾ?" ಅಂದೆ. ಅವತ್ತಿನಿಂದ ಅಪ್ಪ ಅರಸೀಕೆರೆಯ ನಿನ್ನ ಮನೆಗೆ ಬಂದಿಲ್ಲ, ನೀನೂ ಕರೆದಿಲ್ಲ.

ಹೋದ ವಾರ ನಮ್ಮ ಕಾಲೇಜಿನ ಲಲಿತಮ್ಮ ನಿಮ್ಮೂರಿಂದ ಒಂದು ಚೀಲ ತೆಂಗಿನ ನಾರಿನ ಪುಡಿ ತಂದುಕೊಟ್ಟರು. ತೊಟ್ಟಿಗೆ ಹಾಕುವ ಮುಂಚೆ ನಾಲ್ಕೈದು ದಿನ ನೀರು ಬದಲಿಸಿ ನೆನೆಸಿ, ಒಗರು ತೆಗೆಯಿರಿ ಅಂದಿದ್ದರು. ದಣಿದಿದ್ದೆ, ಒಂದೇ ನೀರಿಗೆ ಅದ್ದಿ ಸುರಿದುಬಿಟ್ಟೆ. ಬೆಳಿಗ್ಗೆ ನೋಡಿದರೆ ಹುಳುಗಳೆಲ್ಲ ಹೊರಗೆ ಹರಿದು ಬಂದು ಕಲ್ಲುಹಾಸಿನ ಮೇಲೆ ಸತ್ತಿದ್ದವು, ಇರುವೆ ಮುತ್ತಿತ್ತು. ಅಪ್ಪ ಏಳುವುದರೊಳಗೆ ಗುಡಿಸಿದೆ.

"ಒಂದೂ ಇಲ್ವಲ್ಲವ್ವಾ, ಎಲ್ಲೋದ್ವು?" ಎಂದು ತೊಟ್ಟಿಗೆ ಕೈಹಾಕಿಕೊಂಡೇ ಕೂತರು. ನಾನೇ ಸಾಯಿಸಿದೆ ಅನ್ನಲು ಬಾಯಿ ಬರಲಿಲ್ಲ. ಉಮಾಶಂಕರ ಕೇಳಿದ್ದ, ಅವನ ಗಿಡಗಳಿಗೆ ಬೇಕಂತೆ, ಕಳಿಸಿಬಿಟ್ಟೆ ಅಂದೆ. ಬೈಗುಳಕ್ಕೆ ಕಾಯುತ್ತಿದ್ದೆ. ಅಪ್ಪ ತೊಟ್ಟಿಯಿಂದ ಕೈ ತೆಗೆದು, "ಅವನೇ ಕೇಳಿದ್ನಾ?" ಅಂದರು. ಹೂಂ ಅಂದೆ. "ಬಿಡು, ಅವನತ್ರ ಇದ್ರೂ ಒಂದೇ," ಅಂದು ಟವೆಲು ಕೊಡವಿ ಎದ್ದರು. ಸಂಜೆ ಟೀ ಅಂಗಡಿಯಲ್ಲಿ ತಮ್ಮ ಗೆಳೆಯ ರೇವಣಸಿದ್ದಪ್ಪನವರಿಗೆ, "ನನ್ ಮಗಂಗೂ ಹುಳದ ಹುಚ್ಚು ಹಿಡಿದೈತೆ ಕಣಯ್ಯ," ಅಂದರಂತೆ. ರೇವಣಸಿದ್ದಪ್ಪನವರೇ ನನಗೆ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪನ ಮುಖದಲ್ಲಿ ಇಷ್ಟು ಗೆಲುವು ಕಾಣಲು ಒಂದು ಸುಳ್ಳು ಬೇಕಾಯಿತು.

ಗಾಳಿ ಜೋರಾಗಿದೆ, ಡ್ಯೂಟಿಗೆ ಹೋಗುವಾಗ ಕಿವಿಗೆ ಕಟ್ಟಿಕೋ. ಇಂದುವನ್ನು ಕೇಳಿದೆ ಅನ್ನು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಮಾಲಿನಿ

ಮರೆತದ್ದಲ್ಲ, ಬರೆಯಲು ಹಿಂಜರಿದದ್ದು: ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಅಪ್ಪ ನಿನ್ನ ಮನೆಗೆ ಬರುತ್ತಾರೆ. ನಿನಗೆ ಹುಳು ಸಾಕಲು ಬರುವುದಿಲ್ಲವಂತೆ, ಹೇಳಿಕೊಡಬೇಕಂತೆ. ಅಷ್ಟರೊಳಗೆ ಯಾರ ತಿಪ್ಪೆಯಿಂದಾದರೂ ನಾಲ್ಕು ಹಿಡಿ ತಂದು ಒಂದು ಕುಂಡಕ್ಕೆ ಬಿಡು. ಸಿಗದಿದ್ದರೆ, "ಅಕ್ಕ ಕಳಿಸಿದ್ದೆಲ್ಲ ಸತ್ತವು, ನನ್ನದೇ ತಪ್ಪು" ಅನ್ನು. "ಹುಳು ನಾನು ಕೇಳಲೇ ಇಲ್ಲ" ಅಂತ ಮಾತ್ರ ಅನ್ನಬೇಡ.